ಅಮೆರಿಕದವರನ್ನು ಮದುವೆಯಾಗುವ ಮುಂಚೆ ಇದನ್ನೊಮ್ಮೆ ಓದಿ

"ಯಾವ ವೀಸಾ ಬೇಗ ಸಿಗುತ್ತೆ?" ಅಮೆರಿಕದ ಹುಡುಗ ಅಥವಾ ಹುಡುಗಿಯನ್ನು ಮೆಚ್ಚಿಕೊಂಡವರು ಮೊದಲು ಕೇಳುವುದೇ ಇದನ್ನು. ಅಲ್ಲಿಗೆ ಹೋದ ಮೇಲೆ ನಿಮ್ಮ ಕಾಲ ಮೇಲೆ ನೀವು ನಿಲ್ಲಬಹುದಾ ಅಂತ ಯಾರೂ ಕೇಳುವುದಿಲ್ಲ.

ಮದುವೆಗೆ ಮುಂಚೆಯೇ ಹೋಗುವವರಿಗೆ ಕೆ-1, ಅಂದರೆ ಫಿಯಾನ್ಸೆ ವೀಸಾ ಇದೆ. ಕರೆಸಿಕೊಳ್ಳುವವರು ಅಲ್ಲಿನ ನಾಗರಿಕರೇ ಆಗಿರಬೇಕು, ಗ್ರೀನ್ ಕಾರ್ಡ್, ಅಂದರೆ ಖಾಯಂ ನಿವಾಸಿಯ ಕಾರ್ಡ್, ಇದ್ದರೆ ಸಾಲದು. ಅಲ್ಲಿ ಇಳಿದ 90 ದಿನದೊಳಗೆ ಮದುವೆ ಆಗಲೇಬೇಕು, ಅದೂ ನಿಮಗಾಗಿ ಅರ್ಜಿ ಹಾಕಿದವರನ್ನೇ. ಆಮೇಲೆ ಗ್ರೀನ್ ಕಾರ್ಡಿಗೆ ಬೇರೆ ಅರ್ಜಿ, ಬೇರೆ ಫೀಸು.

ನನ್ನ ಗೆಳತಿ ಹೀಗೇ ಹೋದಳು. ವರ್ಕ್ ಪರ್ಮಿಟ್ ಬರುವ ತನಕ ತಿಂಗಳುಗಟ್ಟಲೆ ಮನೆಯಲ್ಲೇ ಕೂತಳು. ಅಷ್ಟರಲ್ಲಿ ಅವಳ ಅಮ್ಮನಿಗೆ ಹುಷಾರು ತಪ್ಪಿತು. ಹೊರಗೆ ಹೋಗಿ ಮತ್ತೆ ಬರಲು ಬೇಕಾದ ಅಡ್ವಾನ್ಸ್ ಪೆರೋಲ್ ಎಂಬ ಅನುಮತಿ ಸಿಗುವ ಮುಂಚೆ ದೇಶ ಬಿಟ್ಟರೆ ಗ್ರೀನ್ ಕಾರ್ಡ್ ಅರ್ಜಿಯನ್ನು ಕೈಬಿಟ್ಟ ಹಾಗೆ ಲೆಕ್ಕ. ರಾತ್ರಿ ಫೋನಿನಲ್ಲಿ ಅವಳು ಅತ್ತದ್ದು ನನಗಿನ್ನೂ ನೆನಪಿದೆ.

ಅದಕ್ಕೇ ನಾನು ಹೇಳುವುದು, ಮೊದಲು ಮದುವೆಯಾಗಿ, ಆಮೇಲೆ ಸಂಗಾತಿಯ ವೀಸಾದಲ್ಲಿ ಹೋಗಿ. ನಿಮ್ಮ ಸಂಗಾತಿ ನಿಮಗಾಗಿ ಹಾಕುವ ಐ-130 ಎಂಬ ಅರ್ಜಿಯಿಂದ ಶುರುವಾಗುವ ದಾರಿ ಅದು. ಮದುವೆಯಾಗಿಯೂ ದೂರ ಇರಬೇಕು, ಕಾಯುವುದು ಕಷ್ಟವೇ. ಆದರೆ ವೀಸಾ ಹಿಡಿದು ಇಳಿದ ದಿನದಿಂದಲೇ ನೀವು ಖಾಯಂ ನಿವಾಸಿ. ಕೆಲಸ ಮಾಡಬಹುದು, ಅಮ್ಮನನ್ನು ನೋಡಲು ಬಂದು ಹೋಗಬಹುದು. ಎಷ್ಟು ದೊಡ್ಡ ನೆಮ್ಮದಿ ಅಲ್ವಾ? ಸುಮ್ನೆ ಟೂರಿಸ್ಟ್ ವೀಸಾದಲ್ಲಿ ಹೋಗಿ ಅಲ್ಲೇ ಉಳಿದುಬಿಡಿ ಅನ್ನುವವರ ಮಾತು ಮಾತ್ರ ಕೇಳಬೇಡಿ. ಮೊದಲೇ ಆ ಉದ್ದೇಶ ಇಟ್ಟುಕೊಂಡು, ಅದನ್ನು ಮುಚ್ಚಿಟ್ಟು ಒಳಗೆ ಹೋಗುವುದು ವಂಚನೆ ಅನ್ನಿಸಿಕೊಳ್ಳುತ್ತದೆ.

ಇನ್ನೊಂದು ವಿಷಯ, ನನಗೆ ಇದೇ ಜಾಸ್ತಿ ಮುಖ್ಯ. ಮದುವೆಯಾಗಿ 2 ವರ್ಷ ತುಂಬಿರದಿದ್ದರೆ ಮೊದಲು ಸಿಗುವುದು 2 ವರ್ಷದ ಷರತ್ತಿನ ಕಾರ್ಡ್. ಅದು ಮುಗಿಯುವ ಮುಂಚಿನ 90 ದಿನಗಳಲ್ಲಿ ಆ ಷರತ್ತನ್ನು ತೆಗೆಸಲು ಗಂಡ ಹೆಂಡತಿ ಸೇರಿ ಐ-751 ಎಂಬ ಅರ್ಜಿ ಹಾಕಬೇಕು. "ನಾನು ಸಹಿ ಹಾಕದಿದ್ದರೆ ನಿನ್ನನ್ನು ವಾಪಸ್ ಕಳಿಸ್ತಾರೆ" ಅಂತ ಹೆದರಿಸುವವರಿದ್ದಾರೆ. ಆ ಹೆದರಿಕೆಗೇ ಹೊಡೆತ ತಿಂದುಕೊಂಡು ಇರುವವರೂ ಇದ್ದಾರೆ. ಮದುವೆ ನಿಜವಾದದ್ದೇ ಆಗಿದ್ದು, ಹಿಂಸೆ ನಡೆದಿದ್ದರೆ ಅಥವಾ ವಿಚ್ಛೇದನ ಆಗಿದ್ದರೆ ನೀವೊಬ್ಬರೇ ಆ ಅರ್ಜಿ ಹಾಕಬಹುದು. ಅವರ ಸಹಿ ಬೇಕಾಗಿಲ್ಲ. ಹೊರಡುವ ಮುಂಚೆಯೇ ಇದು ಗೊತ್ತಿರಲಿ. ಪಾಸ್‌ಪೋರ್ಟ್, ಮದುವೆಯ ಸರ್ಟಿಫಿಕೇಟ್, ಹಾಕಿದ ಅರ್ಜಿಗಳ ಕಾಪಿ, ಎಲ್ಲವೂ ನಿಮ್ಮ ಕೈಯಲ್ಲೇ ಇರಲಿ.