ನಾಲ್ವರಿಗೆ ಒಂದೇ ಸ್ಕೆಚ್ ಪೆನ್

‘ಗುಂಪು ಮಾಡ್ಕೊಳ್ಳಿ’ ಎಂದರೆ ಸಾಕು, ಬೆಂಚುಗಳ ಮೆರವಣಿಗೆ ಶುರು. ಸದ್ದಡಗಿದ ಮೇಲೆ ನೋಡಿದರೆ ನಡುವೆ ಒಂದು ಚಾರ್ಟು, ಒಂದೇ ಸ್ಕೆಚ್ ಪೆನ್, ಸುತ್ತ ನಾಲ್ಕು ತಲೆ. ಯಾರೂ ಹೇಳದೆಯೇ ಪೆನ್ನು ಮುದ್ದಾದ ಅಕ್ಷರದವಳ ಕೈ ಸೇರುತ್ತದೆ. ಒಬ್ಬ ಹಾಳೆ ಸುರುಳಿಯಾಗದಂತೆ ಮೂಲೆ ಒತ್ತಿ ಹಿಡಿಯುತ್ತಾನೆ. ಸ್ಕೇಲು ತರಲು ಹೋದವಳು ಅಲ್ಲೇ ಬೇರೆ ಗುಂಪಿಗೆ ನೆಂಟಳಾಗುತ್ತಾಳೆ. ನಾಲ್ಕನೆಯವನು ಕಿಟಕಿಯಾಚೆಯ ಮಳೆ ಎಣಿಸುತ್ತಾನೆ. ಜುಲೈ ತಿಂಗಳ ಮಡಿಕೇರಿಯಲ್ಲಿ ಅದು ಮುಗಿಯುವ ಲೆಕ್ಕವಲ್ಲ. ಅಂಕ ಮಾತ್ರ ನಾಲ್ವರಿಗೂ ಸಮಪಾಲು.

ಮಕ್ಕಳನ್ನು ಬೈದು ಫಲವಿಲ್ಲ. ಕೆಸರುಗದ್ದೆಯ ಹಗ್ಗಜಗ್ಗಾಟದಲ್ಲೂ ಮುಖ ಎಲ್ಲರದ್ದೂ ಕೆಂಪು, ಹಗ್ಗಕ್ಕೆ ಮೈಭಾರ ಕೊಟ್ಟವರು ಕೆಲವರೇ. ಫ್ರಾನ್ಸಿನ ಕೃಷಿ ಎಂಜಿನಿಯರ್ ಮ್ಯಾಕ್ಸ್ ರಿಂಗೆಲ್ಮನ್ ಇದನ್ನು ಅಳೆದೇ ನೋಡಿ 1913ರಲ್ಲಿ ಪ್ರಕಟಿಸಿದ: ಎಂಟು ಜನ ಕೂಡಿ ಎಳೆದಾಗ ಒಬ್ಬೊಬ್ಬನ ಪಾಲು, ಅವನು ಒಬ್ಬನೇ ಎಳೆದದ್ದರ ಅರ್ಧದ ಆಸುಪಾಸು. ಎಳೆತದ ತಾಳ ತಪ್ಪುವುದು ಒಂದು ಕಾರಣ, ಪಕ್ಕದವನು ಎಳೆಯುತ್ತಾನಲ್ಲ ಎಂಬ ನೆಮ್ಮದಿ ಇನ್ನೊಂದು.

ಈ ನೆಮ್ಮದಿಯನ್ನು ಕೆಡಿಸಿದರೆ ಗುಂಪಿಗೆ ಜೀವ ಬರುತ್ತದೆ. 1971ರಲ್ಲಿ ಅಮೆರಿಕದ ಆಸ್ಟಿನ್ ನಗರದ ಶಾಲೆಗಳಲ್ಲಿ ಮನಶ್ಶಾಸ್ತ್ರಜ್ಞ ಎಲಿಯಟ್ ಅರಾನ್ಸನ್ ಮಾಡಿದ್ದು ಅದನ್ನೇ. ಬಿಳಿಯ, ಕರಿಯ ಮಕ್ಕಳು ಹೊಸದಾಗಿ ಒಂದೇ ಕೋಣೆಗೆ ಬಂದು ಮುಖ ಮುರಿದುಕೊಂಡು ಕೂತಿದ್ದಾಗ, ಪಾಠವನ್ನೇ ತುಂಡು ಮಾಡಿ ಒಬ್ಬೊಬ್ಬರಿಗೆ ಒಂದೊಂದು ತುಂಡು ಕೊಟ್ಟರು. ಪೂರ್ತಿ ಪಾಠ ಬೇಕಾದರೆ ಉಳಿದವರ ಮಾತು ಕೇಳಲೇಬೇಕು. ತುಂಡು ಜೋಡಿಸುವ ಚಿತ್ರದಾಟದಂತೆ ಇದಕ್ಕೂ ಜಿಗ್‌ಸಾ ಎಂದು ಹೆಸರು. ಕೊಡವ ತಕ್ಕ್, ಅರೆಭಾಷೆ, ಮಲಯಾಳ, ಯರವ ಎಲ್ಲ ಒಂದೇ ಬೆಂಚಿನಲ್ಲಿ ಕೂರುವ ನಮ್ಮ ತರಗತಿಗಳಿಗೆ ಇದಕ್ಕಿಂತ ಹೊಂದುವ ಉಪಾಯ ಕಡಿಮೆ.

ಹದಿನಾರು ಮಕ್ಕಳಿದ್ದಾರೆ ಎನ್ನಿ. ನಾಲ್ವರ ನಾಲ್ಕು ಗುಂಪು. ಪ್ರಶ್ನೆ ಒಂದೇ: ಈ ವರ್ಷ ರೊಬಸ್ಟಾ ಕಾಫಿ ಫಸಲು ಯಾಕೆ ಕಡಿಮೆ? ಪ್ರತಿ ಗುಂಪಿಗೂ ನಾಲ್ಕು ಚೀಟಿ: ಹೂ ಅರಳಿಸುವ ಹೂಮಳೆ, ಆಮೇಲೆ ಕಾಯಿ ಕಚ್ಚಲು ಬೇಕಾದ ಬ್ಯಾಕಿಂಗ್ ಮಳೆ, ಪರಾಗ, ಕೊಯ್ಲು. ರೊಬಸ್ಟಾ ತನ್ನದೇ ಪರಾಗದಿಂದ ಕಾಯಿ ಕಟ್ಟುವುದಿಲ್ಲ, ಬೇರೆ ಗಿಡದ ಪರಾಗವನ್ನು ಗಾಳಿಯೋ ಜೇನೋ ತರಬೇಕು ಎಂಬುದು ಪರಾಗದ ಚೀಟಿಯವನಿಗೆ ಮಾತ್ರ ಗೊತ್ತು. ಮೊದಲ ಹತ್ತು ನಿಮಿಷ ಒಂದೇ ಚೀಟಿಯವರು ಒಟ್ಟಿಗೆ ಕೂತು ಓದುತ್ತಾರೆ. ಮೇಷ್ಟ್ರು ಇರಬೇಕಾದ್ದು ಇಲ್ಲಿ. ಇಲ್ಲಿ ತಪ್ಪು ತಿಳಿದವನು ವಾಪಸ್ಸು ಹೋಗಿ ಮೂವರಿಗೆ ಅದೇ ತಪ್ಪನ್ನು ಕಲಿಸುತ್ತಾನೆ. ತಮ್ಮ ಗುಂಪಿಗೆ ಮರಳುವ ಮುಂಚೆ ಚೀಟಿ ಕಿತ್ತುಕೊಳ್ಳಿ. ಇಲ್ಲವಾದರೆ ‘ತಗೋ, ನೀನೇ ಓದ್ಕೋ’ ಎಂದು ಕೈಗಿತ್ತು ಮುಗಿಸುತ್ತಾರೆ. ಒಬ್ಬೊಬ್ಬರಿಗೆ ಮೂರು ನಿಮಿಷ ಮಾತು, ಕೊನೆಗೆ ಐದು ಪ್ರಶ್ನೆಗೆ ಒಂಟಿಯಾಗಿ ಉತ್ತರ. ಕೊಯ್ಲಿನ ಚೀಟಿ ತೋಟದ ಕಾರ್ಮಿಕರ ಲೈನ್ ಮನೆಯ ಹುಡುಗಿಗೆ ಸಿಕ್ಕಿದರೆ ಮೂರು ನಿಮಿಷ ಸಾಲುವುದಿಲ್ಲ. ಚೀಟಿಯಲ್ಲಿ ಇಲ್ಲದ್ದೂ ಬರುತ್ತದೆ, ಬರಲಿ.

ಆನ್‌ಲೈನಿನಲ್ಲಿ ನಾಲ್ವರು ಬೇಡ, ಮೂವರು ಸಾಕು. ಕಪ್ಪು ಚೌಕಗಳ ಹಿಂದೆ ಅಡಗುವುದು ನಾಲ್ವರಲ್ಲಿ ಬಲು ಸುಲಭ. ಆದರೆ ಕರೆಂಟು ಹೋಗಿ ಟವರಿನ ಬ್ಯಾಟರಿಯೂ ಕೈಕೊಟ್ಟರೆ ಒಬ್ಬರಂತೂ ಮಾಯ, ಅವರ ಜೊತೆ ಚೀಟಿಯೂ ಮಾಯ. ಹಾಗಾಗಿ ಪ್ರತಿ ಚೀಟಿಯೂ ಇಬ್ಬರ ಬಳಿ ಇರಲಿ. ಜೂಮ್‌ನಲ್ಲಿ ಗುಂಪಿಗೊಂದರಂತಿರುವ ಬ್ರೇಕೌಟ್ ರೂಮಿಗೆ ಕಳಿಸಿದ ಮೇಲೆ ನೀವು ತೆರೆಯಲ್ಲಿ ತೋರಿಸುತ್ತಿದ್ದ ಪ್ರಶ್ನೆ ಅವರಿಗೆ ತಾನಾಗಿ ಕಾಣುವುದಿಲ್ಲ. ಮೊದಲೇ ವಾಟ್ಸಾಪಿಗೆ ಹಾಕಿಡಿ. ತಗಡಿನ ಸೂರಿನ ಮೇಲೆ ಮಳೆ ಬಡಿಯುವಾಗ ಮೈಕು ಆನ್ ಮಾಡುವುದೇ ಅಪರಾಧ, ಆಗ ಟೈಪಿಂಗೇ ಗತಿ. ಗೂಗಲ್ ಡಾಕ್ಸ್‌ನಲ್ಲಿ ಖಾಲಿ ಹಾಳೆ ಕೊಟ್ಟರೆ ಅಲ್ಲೂ ಮುದ್ದಾದ ಅಕ್ಷರದವಳೇ ಬರೆಯುತ್ತಾಳೆ, ಅಕ್ಷರ ಎಲ್ಲರದ್ದೂ ಒಂದೇ ಆದರೂ! ಹೆಸರು ಬರೆದ ಮೂರು ಚೌಕ ಕೊಡಿ. ಅಪ್ಪನ ಫೋನು ಸಂಜೆ ತೋಟದಿಂದ ಬಂದ ಮೇಲಷ್ಟೇ ಸಿಗುವವರಿಗೆ ರಾತ್ರಿ ಎಂಟರವರೆಗೆ ಗಡುವು, ಒಂದು ನಿಮಿಷದ ವಾಯ್ಸ್ ಮೆಸೇಜ್.

ಇನ್ನು ಆ ಚಾರ್ಟು. ಮಳೆಗಾಲದ ತೇವದ ಗೋಡೆಗೆ ಗಮ್ ಟೇಪ್ ಹಿಡಿಯುವುದಿಲ್ಲ. ಬೆಳಿಗ್ಗೆ ಬಂದರೆ ಫಸಲೆಲ್ಲ ನೆಲದ ಮೇಲೆ. ನಲಿ-ಕಲಿ ಕೋಣೆಯ ಚಪ್ಪರದ ಹಾಗೆ ದಾರ ಕಟ್ಟಿ, ಬಟ್ಟೆ ಕ್ಲಿಪ್ಪು ಹಾಕಿ. ಸ್ಕೆಚ್ ಪೆನ್ನಿನ ಮುಚ್ಚಳ ಮಾತ್ರ ಹುಡುಕಬೇಡಿ, ಅದು ಯಾವ ಗುಂಪಿಗೂ ಸಿಕ್ಕಿಲ್ಲ.