ಮೋಲೆಗೆ ಹೋದರೆ ಒಂದು ರಾತ್ರಿ ಉಳಿಯಿರಿ

ಸ್ವೀಡನ್ನಿನ ಕಡಲತೀರದ ಮೋಲೆ ಊರನ್ನು ಹತ್ತಿರದ ಹೆಲ್ಸಿಂಗ್‌ಬೋರ್ಗ್ ನಗರದಿಂದ ಅರ್ಧ ದಿನದಲ್ಲಿ ನೋಡಿ ಬರಬಹುದು ಎಂದು ನಿಮ್ಮ ಪ್ರವಾಸ ಲೇಖನದಲ್ಲಿ ಬರೆದಿದ್ದೀರಿ. ದಯವಿಟ್ಟು ಹಾಗೆ ಮಾಡಬೇಡಿ. ನಾನೂ ಮೊದಲ ಸಲ ಹಾಗೇ ಓಡಿ ಬಂದೆ, ಆಮೇಲೆ ತುಂಬಾ ಬೇಜಾರಾಯಿತು. ಎರಡನೇ ಸಲ ಜೂನ್‌ನಲ್ಲಿ ಹೋಗಿ ಅಲ್ಲೇ ಉಳಿದೆ. ರಾತ್ರಿ ಒಂಬತ್ತೂವರೆಗೂ ಬೆಳಕು! ಬಂದರಿನ ಕಲ್ಲುಕಟ್ಟೆಯ ಮೇಲೆ ಕೂತು ಸೂರ್ಯ ಸಮುದ್ರಕ್ಕೆ ಇಳಿಯುವುದನ್ನು ನೋಡಿದೆ. ದಿನದ ಪ್ರವಾಸಿಗರೆಲ್ಲ ಹೋಗಿದ್ದರು. ಆ ಹೊತ್ತಿನ ನಿಶ್ಶಬ್ದವೇ ಬೇರೆ.

ಊರಿನ ಕಥೆಯನ್ನೂ ಸ್ವಲ್ಪ ಹೇಳಬೇಕಿತ್ತು. ನೂರು ವರ್ಷಕ್ಕೂ ಹಿಂದೆ ಗಂಡಸರು, ಹೆಂಗಸರು ಒಟ್ಟಿಗೆ ಸಮುದ್ರಸ್ನಾನ ಮಾಡುತ್ತಿದ್ದರು ಅನ್ನುವ ಕಾರಣಕ್ಕೇ ಮೋಲೆ ಯುರೋಪಿನಲ್ಲಿ ದೊಡ್ಡ ಸುದ್ದಿಯಾಗಿತ್ತು. ಮೀನುಗಾರರ ಪುಟ್ಟ ಹಳ್ಳಿ ಅದು. ಮೀನುಗಾರರೇ ಮನೆಯ ಕೋಣೆಗಳನ್ನು ಬಾಡಿಗೆಗೆ ಕೊಡುತ್ತಿದ್ದರು. 1907ರಲ್ಲಿ ಜರ್ಮನಿಯ ಚಕ್ರವರ್ತಿ ಎರಡನೇ ವಿಲ್‌ಹೆಲ್ಮ್ ಕೂಡ ಬಂದಿದ್ದ. 1910ರಲ್ಲಿ ರೈಲು ಬಂತು, ಬರ್ಲಿನ್‌ನಿಂದಲೇ ಜನ ಬರತೊಡಗಿದರು. ಮೊದಲ ಮಹಾಯುದ್ಧ ಶುರುವಾದದ್ದೇ ಜರ್ಮನರು ಬರುವುದು ನಿಂತುಹೋಯಿತು. ಈಗ ಆ ರೈಲೂ ಇಲ್ಲ, ಬಸ್ಸೇ ಗತಿ. ಬೆಟ್ಟದ ಇಳಿಜಾರಿನಲ್ಲಿರುವ ಬಿಳಿ ಗ್ರ್ಯಾಂಡ್ ಹೋಟೆಲ್ ಆ ಕಾಲದ್ದೇ.

ಇನ್ನು ಊರ ಪಕ್ಕದ ಕುಲ್ಲಾಬೆರಿ ಬೆಟ್ಟ. ಬೇಸಿಗೆಯಲ್ಲೂ ಗಾಳಿ ಜೋರು, ಜಾಕೆಟ್ ಇರಲಿ. ತುದಿಯ ದೀಪಸ್ತಂಭದವರೆಗೆ ನಡೆದೇ ಹೋಗಿ, ಕಾರು ಬೇಡ. ಕೆಳಗಿನ ನೀರಿನಲ್ಲಿ ಡಾಲ್ಫಿನ್ ಜಾತಿಗೆ ಹತ್ತಿರದ ಪುಟ್ಟ ಪಾರ್ಪಸ್‌ಗಳು ಬರುತ್ತವೆ. ನನಗೆ ಎರಡು ಬೆನ್ನು ಮಾತ್ರ ಕಂಡವು, ಕ್ಷಣದಷ್ಟು. ಆದರೂ ಅದನ್ನು ನೆನೆದರೆ ಈಗಲೂ ಖುಷಿಯಾಗುತ್ತದೆ.