ಸತ್ಯಾಂಶ: ಬೆನ್ನಿನ ಸಿಮೆಂಟ್ ಶ್ವಾಸಕೋಶ ಸೇರಿದರೆ ಸಾವೇ ಗತಿಯಾ?

"ಬೆನ್ನುಮೂಳೆಗೆ ಸಿಮೆಂಟ್ ತುಂಬಿಸಿದರೆ ಅದು ಶ್ವಾಸಕೋಶಕ್ಕೆ ಹೋಗುತ್ತೆ, ಬದುಕಲ್ಲ" ಎಂಬ ಫಾರ್ವರ್ಡ್ ಮೆಸೇಜ್ ನೋಡಿ ಹಿರಿಯರು ಹೆದರುತ್ತಾರೆ. ಅದು ಅರ್ಧ ಸತ್ಯ.

ಇದು ಮನೆ ಕಟ್ಟುವ ಸಿಮೆಂಟ್ ಅಲ್ಲ, ಪಿಎಂಎಂಎ ಎಂಬ ಪ್ಲಾಸ್ಟಿಕ್. ದುರ್ಬಲವಾದ ಬೆನ್ನುಮೂಳೆಯನ್ನು ಗಟ್ಟಿ ಮಾಡಲು ಇದನ್ನು ಸೂಜಿಯಿಂದ ತುಂಬಿಸುವ ಚಿಕಿತ್ಸೆ 1984ರಲ್ಲಿ ಫ್ರಾನ್ಸ್‌ನಲ್ಲಿ ಶುರುವಾಯಿತು. ಸಿಮೆಂಟ್ ಇನ್ನೂ ಪೇಸ್ಟಿನಂತಿರುವಾಗ ಒಂಚೂರು ಪಕ್ಕದ ರಕ್ತನಾಳಕ್ಕೆ ಜಾರಿ, ಹೃದಯದ ಬಲಭಾಗ ದಾಟಿ ಶ್ವಾಸಕೋಶ ಸೇರುವುದುಂಟು. ಎದೆಯ ಎಕ್ಸ್‌ರೇಯಲ್ಲಿ ಅದು ಬೇರಿನ ಎಳೆಗಳಂತೆ ಅಚ್ಚ ಬಿಳಿಯಾಗಿ ಕಾಣುತ್ತದೆ. ಸಿ.ಟಿ. ಸ್ಕ್ಯಾನ್‌ನಲ್ಲಿ ಇನ್ನೂ ಸ್ಪಷ್ಟ.

ಹೆಚ್ಚಿನವರಿಗೆ ಏನೂ ತೊಂದರೆಯಾಗಲ್ಲ. ಬೇರೆ ಯಾವುದಕ್ಕೋ ತೆಗೆಸಿದ ಎಕ್ಸ್‌ರೇಯಲ್ಲಿ ಸುಮ್ನೆ ಕಣ್ಣಿಗೆ ಬೀಳುತ್ತದೆ, ಅಷ್ಟೆ. ಆಗ ವೈದ್ಯರು ಸಾಮಾನ್ಯವಾಗಿ ಗಮನಿಸುತ್ತಿರುತ್ತಾರೆ. ತೊಂದರೆಯಿದ್ದರೆ ರಕ್ತ ಹೆಪ್ಪುಗಟ್ಟದಂತೆ ಔಷಧಿ ಕೊಡುತ್ತಾರೆ. ಆಪರೇಷನ್ ತೀರಾ ಅಪರೂಪ. ಆದರೆ ಜೀವಕ್ಕೆ ಅಪಾಯವಾದದ್ದೂ ಇದೆ. ಸಿಮೆಂಟ್ ಹಾಕಿಸಿಕೊಂಡ ಮೇಲೆ ಉಸಿರು ಕಟ್ಟಿದರೆ, ಎದೆ ನೋವು ಬಂದರೆ ತಕ್ಷಣ ಆಸ್ಪತ್ರೆಗೆ ಹೋಗಿ.